ಹಿಂದಿನ ಸೀಟಿನಿಂದ ಕಂಡ ಕನಕಪುರ ರಸ್ತೆ

ಕುಮಾರಸ್ವಾಮಿ ಲೇಔಟ್‌ನಲ್ಲಿ ಮನೆ ಮಾಡಿದವರಿಗೆ ಅಲಾರಂ ಗಡಿಯಾರ ಬೇಕಿಲ್ಲ. ಬೆಳಿಗ್ಗೆ ಏಳೂವರೆ ಆಗುತ್ತಲೇ ಶಾವಿಗೆ ಮಲ್ಲೇಶ್ವರ ಬೆಟ್ಟದ ಏರಿನಲ್ಲಿ ಮೋಟಾರ್ ಸೈಕಲ್ಲುಗಳ ಮೆರವಣಿಗೆ ಶುರುವಾಗುತ್ತದೆ. 1979ರಲ್ಲಿ ಆರಂಭವಾದ ದಯಾನಂದ ಸಾಗರ ಎಂಜಿನಿಯರಿಂಗ್ ಕಾಲೇಜು ಇರುವುದು ಈ ಬೆಟ್ಟದ ಮೇಲೆ. ಬೆನ್ನಿಗೆ ಬ್ಯಾಗು, ಕಿವಿಯಲ್ಲಿ ಹಾಡು, ಹೆಲ್ಮೆಟ್ ಕೆಲವರ ತಲೆಯಲ್ಲಿ, ಕೆಲವರ ಮೊಣಕೈಯಲ್ಲಿ. ಅಕ್ಕಿ ಆರಿಸುತ್ತಾ ಕಿಟಕಿಯಲ್ಲಿ ನಿಂತ ತಾಯಂದಿರು ಯಾರದೋ ಮಕ್ಕಳನ್ನು ನೋಡಿ ‘ನಿಧಾನ ಹೋಗಪ್ಪಾ’ ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಾರೆ.

ಇಂಥ ಬಡಾವಣೆಯಲ್ಲಿ ಬೆಳೆದ ಹುಡುಗ ಹದಿನೆಂಟು ತುಂಬಿದ ಮರುದಿನ ಏನು ಕೇಳುತ್ತಾನೆ ಎಂಬುದನ್ನು ಹೇಳಲು ಜ್ಯೋತಿಷಿ ಬೇಕಾಗಿಲ್ಲ. ನಮ್ಮ ಮನೆಯಲ್ಲೂ ಕೇಳಿದ.

‘ಅಪ್ಪಾ, ಮೈಸೂರು ರಸ್ತೆ ಕಾಲೇಜಿಗೆ ದಿನಾ ಮೆಜೆಸ್ಟಿಕ್ ಸುತ್ತಿ ಹೋಗಿ ಬರೋದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಗೊತ್ತಾ? ಶೆಡ್ಡಲ್ಲಿರೋ ಯೆಜ್ಡಿ ಕೊಟ್ಟುಬಿಡು.’

ಅಡುಗೆಮನೆಯಿಂದ ಉತ್ತರ ಬಂತು: ‘ಬೇಡಾರೀ. ಸುಮ್ಮನೆ ಬೇಡ ಅನ್ನಿ.’

ನಾನು ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಅದಕ್ಕೆ ಒಂದು ಕಾರಣವಿತ್ತು. ಆ ಕಾರಣವನ್ನು ಮಗನಿಗೆ ಹೇಳಿರಲಿಲ್ಲ. ಅದನ್ನು ಹೇಳಲು ನನಗೆ ಎಂಬತ್ತೈದು ಕಿಲೊಮೀಟರ್ ಬೇಕಾಯಿತು.

ಶೆಡ್ಡಿನಲ್ಲಿದ್ದ ಮೈಸೂರಿನ ಮಗಳು

ನಮ್ಮ ಶೆಡ್ಡಿನಲ್ಲಿರುವುದು ನನ್ನ ತಂದೆ 1986ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್. ಅದು ಬರೀ ಗಾಡಿಯಲ್ಲ, ಕನ್ನಡ ನಾಡಿನದೇ ಒಂದು ಕಥೆ. ಚೆಕ್ ದೇಶದ ಜಾವಾ ಮೋಟಾರ್ ಸೈಕಲ್ಲನ್ನು ಇಲ್ಲಿ ತಯಾರಿಸಲು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. 1973ರಿಂದ ಗಾಡಿಯ ಹೆಸರು ಯೆಜ್ಡಿ ಆಯಿತು. 250 ಸಿ.ಸಿ.ಯ ಒಂದೇ ಸಿಲಿಂಡರು, ಆದರೆ ಹೊಗೆ ಕೊಳವೆ ಎರಡು. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಸನ್ನೆಯಾಗುವ ಚಮತ್ಕಾರ. ಮಲೆನಾಡಿನ ತೋಟದ ಸಾಹುಕಾರರಿಂದ ಹಿಡಿದು ಹಾಲು ಮಾರುವವರವರೆಗೆ ಎಲ್ಲರ ಕೆಳಗೂ ಅದು ಡುಗುಡುಗಿಸಿತು.

ಕಡಿಮೆ ಪೆಟ್ರೋಲು ಕುಡಿಯುವ ನೂರು ಸಿ.ಸಿ. ಗಾಡಿಗಳು 1980ರ ದಶಕದ ನಡುವೆ ಪೇಟೆಗೆ ಬಂದವು. ಹೊಗೆಯ ಕಾನೂನೂ ಬಿಗಿಯಾಯಿತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಸಾಯಲಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವವರು ಬೆಂಗಳೂರು, ಮೈಸೂರುಗಳಲ್ಲಿ ಇಂದಿಗೂ ಹಳೆಯ ಗಾಡಿಗಳನ್ನು ಮದುಮಗಳಂತೆ ಸಿಂಗರಿಸಿ ತರುತ್ತಾರೆ. ಬೇರೊಂದು ಕಂಪನಿಯ ಕೈಯಲ್ಲಿ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದವು.

ಮಗನಿಗೆ ನಾನು ಹಾಕಿದ ಷರತ್ತು ಮೂರು. ಮೊದಲು ಲೈಸೆನ್ಸು. ಎರಡನೆಯದು, ಈ ಗಾಡಿಯ ಪ್ಲಗ್ ಬಿಚ್ಚಿ ಉಜ್ಜಿ ಹಾಕುವುದು, ಚೈನು ಬಿಗಿ ಮಾಡುವುದು, ಟೈರಿನ ಗಾಳಿ ನೋಡುವುದು, ಪೆಟ್ರೋಲಿಗೆ ಆಯಿಲ್ ಅಳತೆ ಹಿಡಿದು ಬೆರೆಸುವುದು, ಇಷ್ಟನ್ನು ಕೈಯಾರೆ ಕಲಿಯಬೇಕು. ಮೂರನೆಯದು, ನನ್ನನ್ನು ಹಿಂದೆ ಕೂರಿಸಿಕೊಂಡು ಸಂಗಮದವರೆಗೆ ಹೋಗಿಬರಬೇಕು.

ಹುಡುಗ ಎರಡು ತಿಂಗಳು ಶೆಡ್ಡಿನಲ್ಲಿ ಕೂತ. ಪರೀಕ್ಷೆಗೆ ಓದು ಎಂದರೆ ಆಕಳಿಸುವವನು ಕಾರ್ಬೊರೇಟರ್ ಬಿಚ್ಚಿಕೊಂಡು ಊಟಕ್ಕೆ ಏಳಲು ಮರೆತ. ‘ಅಪ್ಪಾ, ಥರ್ಮೊಡೈನಮಿಕ್ಸ್ ಪುಸ್ತಕದಲ್ಲಿರೋದು ಇದೇನಾ?’ ಎಂದು ಒಂದು ದಿನ ಕೇಳಿದಾಗ, ಗಾಡಿ ಕೊಟ್ಟರೂ ಕೊಡದಿದ್ದರೂ ಶುಲ್ಕ ವಸೂಲಾಯಿತು ಅನ್ನಿಸಿತು. ಮೋಟಾರ್ ಸೈಕಲ್ಲಿನ ಮೊದಲ ಲಾಭ ಇದೇ. ಅದರ ಯಂತ್ರ ಬಟ್ಟಬಯಲಾಗಿದೆ. ಕಾರಿನಂತೆ ಬಾನೆಟ್ಟಿನೊಳಗೆ ಅಡಗಿಲ್ಲ. ಕೇಳಿದವರಿಗೆ ಪಾಠ ಹೇಳುತ್ತದೆ.

ಜಯನಗರದ ಆರ್.ಟಿ.ಓ.ಗೆ ಸೇರಿದ ನಾವು ಕೆ.ಎ. 05ರ ಪ್ರಜೆಗಳು. ಎಂಟರ ಆಕಾರದಲ್ಲಿ ಕಾಲೂರದೆ ಗಾಡಿ ತಿರುಗಿಸಿ ಮಗ ಲೈಸೆನ್ಸ್ ಪಡೆದ. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಹೊರಟೆವು.

ಕೊಳಾಯಿ ನೀರಿನ ಎದುರುದಾರಿ

ಬೆಳಿಗ್ಗೆ ಆರಕ್ಕೆ 15ಇ ಬಸ್ ಸ್ಟ್ಯಾಂಡಿನ ಬಳಿ ಹೂವಿನವಳು ಆಗತಾನೆ ಬುಟ್ಟಿ ಇಳಿಸುತ್ತಿದ್ದಳು. ಇಳಿಜಾರಿನಲ್ಲಿ ಜಾರಿ ಯಲಚೇನಹಳ್ಳಿಯಲ್ಲಿ ಕನಕಪುರ ರಸ್ತೆ ಸೇರಿದೆವು. 2017ರಲ್ಲಿ ನಮ್ಮ ಮೆಟ್ರೊ ಇಲ್ಲಿಯವರೆಗೆ ಬಂದಿತ್ತು. 2021ರ ಜನವರಿಯಲ್ಲಿ ಇನ್ನೂ ಮುಂದೆ ಹೋಗಿ ರೇಷ್ಮೆ ಸಂಸ್ಥೆ ಮುಟ್ಟಿತು. ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ: ಮೆಟ್ರೊ ಕಂಬಗಳ ಕೆಳಗೆ ಊರುಗಳ ಹೆಸರು ಓದುತ್ತಾ ಹೋಗುವುದೇ ಒಂದು ಸೊಗಸು. ಒಂದೊಂದೂ ಒಂದು ಕಾಲದ ಹಳ್ಳಿ.

ಕಂಬಗಳು ಮುಗಿದದ್ದೇ ಚಳಿ ಮೈಗೆ ತಾಗಿತು. ಕಾರಿನಲ್ಲಿ ಹೋಗುವವನಿಗೆ ಊರು ಮುಗಿದದ್ದು ಬೋರ್ಡು ನೋಡಿ ತಿಳಿಯುತ್ತದೆ. ಗಾಡಿಯ ಮೇಲಿದ್ದವನಿಗೆ ಚರ್ಮಕ್ಕೇ ತಿಳಿಯುತ್ತದೆ. ತಗ್ಗಿಗೆ ಇಳಿದರೆ ಕೆರೆಯ ತಂಪು, ದಿಣ್ಣೆ ಹತ್ತಿದರೆ ಒಂದು ಹಿಡಿ ಬೆಚ್ಚಗೆ. ಎಲ್ಲೋ ಸೌದೆ ಒಲೆಯ ಹೊಗೆ, ಎಲ್ಲೋ ಹುಲ್ಲಿನ ಬಣವೆಯ ವಾಸನೆ, ಎಲ್ಲೋ ರೇಷ್ಮೆ ಮನೆಯ ಗಾಢ ಗಂಧ. ಇಂಥ ರಸ್ತೆಯನ್ನು ಕಣ್ಣಿಂದ ನೋಡುವುದಕ್ಕಿಂತ ಹೆಚ್ಚಾಗಿ ಮೂಗು, ಕಿವಿ, ಮೈಯಿಂದ ಓದಬೇಕು.

ಬಲಗಡೆ ತಾತಗುಣಿ ಬಂತು. ರಷ್ಯದ ಚಿತ್ರಕಾರ ಸ್ವೆಟೊಸ್ಲಾವ್ ರೋರಿಚ್ ಮತ್ತು ಚಿತ್ರನಟಿ ದೇವಿಕಾರಾಣಿ ಬಾಳಿದ 468 ಎಕರೆಯ ಎಸ್ಟೇಟು ಇಲ್ಲಿದೆ. ಅವರು 1993ರಲ್ಲಿ, ಇವರು 1994ರಲ್ಲಿ ತೀರಿಕೊಂಡರು. ವ್ಯಾಜ್ಯಗಳೆಲ್ಲ ಕಳೆದು ಎಸ್ಟೇಟು ಸರ್ಕಾರದ ವಶವಾಯಿತು. ಮಗನಿಗೆ ದೇವಿಕಾರಾಣಿ ಯಾರೆಂದು ಗೊತ್ತಿರಲಿಲ್ಲ. ಹೆಲ್ಮೆಟ್ಟಿನೊಳಗಿಂದ ಕೂಗಿ ಕೂಗಿ ಹೇಳಿದೆ. ಅರ್ಧ ಕೇಳಿಸಿತೋ ಇಲ್ಲವೋ.

ತಾತಗುಣಿಗೆ ಇನ್ನೊಂದು ಹೆಗ್ಗಳಿಕೆ ಇದೆ. ಬೆಳಿಗ್ಗೆ ನಾವು ಹಲ್ಲುಜ್ಜಿ ಬಂದ ಕಾವೇರಿ ನೀರು ಬರುವುದು ಇದೇ ದಾರಿಯಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಹೊರಟ ನೀರನ್ನು ಅಲ್ಲಿಂದ ಒಮ್ಮೆ, ಹಾರೋಹಳ್ಳಿಯಿಂದ ಒಮ್ಮೆ, ತಾತಗುಣಿಯಿಂದ ಮತ್ತೊಮ್ಮೆ ಮೇಲೆತ್ತುತ್ತಾರೆ. ದೂರ ಸುಮಾರು ನೂರು ಕಿಲೊಮೀಟರು, ಏರು ಸುಮಾರು ಐನೂರು ಮೀಟರು. ಮೊದಲ ಹಂತ ಮುಗಿದದ್ದು 1974ರಲ್ಲಿ, ಐದನೆಯದು 2024ರ ಅಕ್ಟೋಬರಿನಲ್ಲಿ. ನಮ್ಮ ಗಾಡಿ ಒಂದೊಂದೇ ಇಳಿಜಾರಿನಲ್ಲಿ ಸಲೀಸಾಗಿ ಇಳಿಯುತ್ತಿದ್ದಾಗ, ಈ ಇಳಿಜಾರನ್ನೆಲ್ಲ ನೀರು ಹತ್ತಿ ಬರಬೇಕಲ್ಲ ಎಂಬುದು ಮಗನಿಗೆ ಹೊಳೆಯಿತು. ‘ಅಪ್ಪಾ, ಇನ್ನು ಟ್ಯಾಂಕ್ ತುಂಬಿ ಹರಿಯೋದಕ್ಕೆ ಬಿಡಬಾರದು’ ಎಂದ. ಪಾಠದ ಪುಸ್ತಕ ಓದಿ ಈ ಮಾತು ಅವನು ಎಂದೂ ಆಡಿರಲಿಲ್ಲ.

ಹಾರೋಹಳ್ಳಿಯ ಹೋಟೆಲಿನಲ್ಲಿ ಒಂದು ಲೆಕ್ಕ

ಹಾರೋಹಳ್ಳಿಯಲ್ಲಿ ತಟ್ಟೆ ಇಡ್ಲಿ, ಚಹಾ. ಹುಡುಗನ ಮುಖದಲ್ಲಿ ಗೆಲುವು ಉಕ್ಕುತ್ತಿತ್ತು. ‘ರಸ್ತೆ ಹೇಗಿದೆ ನೋಡು, ಎಂಬತ್ತರಲ್ಲಿ ಹೊಡೆದರೆ ಒಂಬತ್ತಕ್ಕೆಲ್ಲ ಸಂಗಮ’ ಎಂದ. ನಾನು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿಸಿದೆ. ನೀವೂ ಮಕ್ಕಳ ಕೈಯಲ್ಲಿ ಹಾಕಿಸಿ ನೋಡಿ.

ಗಂಟೆಗೆ 30 ಕಿಲೊಮೀಟರ್ ಎಂದರೆ ಸೆಕೆಂಡಿಗೆ 8 ಮೀಟರ್ ಮೀರಿತು. ಎದುರಿಗೆ ದನ ಅಡ್ಡ ಬಂತು ಎಂದು ಕಣ್ಣು ಕಂಡು, ಬುದ್ಧಿಗೆ ತಿಳಿದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆನ್ನಿ. ಗಾಡಿ 8 ಮೀಟರ್ ಹೋಗಿಯಾಯಿತು. ಒಣ ರಸ್ತೆ, ಒಳ್ಳೆಯ ಬ್ರೇಕು ಇದ್ದರೆ ನಿಲ್ಲಲು ಇನ್ನೊಂದು 5 ಮೀಟರ್. ಒಟ್ಟು 13. ಅದೇ 60ರಲ್ಲಿ ಬ್ರೇಕ್ ಹಿಡಿಯುವ ಮೊದಲೇ 17 ಮೀಟರ್, ನಿಲ್ಲಲು 20 ಮೀಟರ್, ಒಟ್ಟು 37. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟು, ಏಕೆಂದರೆ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. 80ರ ಲೆಕ್ಕವನ್ನು ಮಗನೇ ಹಾಕಿದ. 57 ಮೀಟರ್ ದಾಟಿತು. ಚಹಾ ಮುಗಿಸಿ ಸುಮ್ಮನೆ ಎದ್ದ.

ಇನ್ನೊಂದು ವಿಚಿತ್ರವನ್ನೂ ಹೇಳಿದೆ. ಗಾಡಿ ವೇಗದಲ್ಲಿದ್ದಾಗ ಬಲಕ್ಕೆ ತಿರುಗಬೇಕಾದರೆ ಬಲಗೈ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಚಕ್ರ ಕ್ಷಣಕಾಲ ಎಡಕ್ಕೆ ಹೊರಳಿ, ಗಾಡಿ ಬಲಕ್ಕೆ ಬಾಗಿ, ಬಲಕ್ಕೇ ತಿರುಗುತ್ತದೆ. ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸೋದರರು, ವಿಮಾನ ಹಾರಿಸಿದ ಅದೇ ರೈಟ್ ಸೋದರರು, ಸೈಕಲ್ಲಿನಲ್ಲಿ ಇದನ್ನು ಗಮನಿಸಿದ್ದರು. ದಿನಾ ಮಾಡುತ್ತೇವೆ, ಮಾಡುತ್ತಿದ್ದೇವೆಂದು ತಿಳಿದಿರುವುದಿಲ್ಲ.

ಮೈಗೂ ಮನಸ್ಸಿಗೂ

ಗಾಡಿ ಓಡಿಸುವುದರಿಂದ ಮನಸ್ಸಿಗೆ ಹಿತ ಎಂದು ಹೇಳುವ ಸಂಶೋಧನೆಗಳೂ ಇವೆ. ಅಮೆರಿಕದ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ತಂಡವೊಂದು ಸವಾರರ ಮೇಲೆ ಪರೀಕ್ಷೆ ನಡೆಸಿ, ಇಪ್ಪತ್ತು ನಿಮಿಷದ ಸವಾರಿಯಿಂದ ಎದೆಬಡಿತ ಶೇ. 11ರಷ್ಟು ಏರುತ್ತದೆ, ಒತ್ತಡದ ಹಾರ್ಮೋನಿನ ಸೂಚಿಗಳು ಶೇ. 28ರಷ್ಟು ಇಳಿಯುತ್ತವೆ ಎಂದು 2019ರಲ್ಲಿ ತಿಳಿಸಿತು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ರ‍್ಯುಟಾ ಕವಾಶಿಮ, ಗಾಡಿ ಬಿಟ್ಟು ಹತ್ತು ವರ್ಷವಾಗಿದ್ದ ನಡುವಯಸ್ಸಿನವರಿಗೆ ಎರಡು ತಿಂಗಳು ಮತ್ತೆ ಓಡಿಸಲು ಕೊಟ್ಟು, ಅವರ ನೆನಪು, ಚುರುಕು ಸುಧಾರಿಸಿದ್ದನ್ನು ಕಂಡರು. ಆದರೆ ವಿದ್ಯಾರ್ಥಿಗಳು ಇಲ್ಲೊಂದು ವಿಷಯ ಗಮನಿಸಬೇಕು. ಮೊದಲನೆಯದಕ್ಕೆ ಹಣ ಕೊಟ್ಟದ್ದು ಹಾರ್ಲೆ ಡೇವಿಡ್‌ಸನ್ ಕಂಪನಿ, ಎರಡನೆಯದಕ್ಕೆ ಜೊತೆಯಾದದ್ದು ಯಮಹಾ. ಹಾಗೆಂದು ಫಲಿತಾಂಶ ಸುಳ್ಳೆನ್ನಬೇಕಿಲ್ಲ. ಹೆಂಡತಿ ಮಾಡಿದ ಸಾರನ್ನು ಗಂಡ ಹೊಗಳಿದರೆ ಎಷ್ಟು ನಂಬುತ್ತೇವೋ ಅಷ್ಟು ನಂಬಿದರೆ ಸಾಕು.

ನನ್ನ ಅನುಭವ ಇಷ್ಟು. ಗಾಡಿಯ ಮೇಲೆ ಕೂತಾಗ ಒಂದೇ ಕೆಲಸ ಮಾಡಲು ಸಾಧ್ಯ. ಫೋನು ನೋಡುವಂತಿಲ್ಲ, ನಾಳೆಯ ಚಿಂತೆ ಮಾಡುವಂತಿಲ್ಲ. ಮುಂದಿನ ತಿರುವು, ಪಕ್ಕದ ಲಾರಿ, ಕಾಲಡಿಯ ಮರಳು, ಇಷ್ಟೇ ಜಗತ್ತು. ಮನಸ್ಸನ್ನು ಒಂದೆಡೆ ನಿಲ್ಲಿಸುವ ಈ ಅಭ್ಯಾಸ ಇಂದಿನ ಹುಡುಗರಿಗೆ ಬೇರೆಲ್ಲಿ ಸಿಗುತ್ತದೆ? ಇದರ ಮೇಲೆ ಕಡಿಮೆ ಖರ್ಚು, ಕಡಿಮೆ ಜಾಗ, ಹೊತ್ತಿನ ಉಳಿತಾಯ. ಆದರೆ ಒಂದು ಕೋಟಿ ವಾಹನ ದಾಟಿರುವ ಬೆಂಗಳೂರಿನಲ್ಲಿ ಆ ಉಳಿತಾಯ ಕದಿರೇನಹಳ್ಳಿ ಅಂಡರ್‌ಪಾಸಿನ ಬಳಿ ಕೆಲವು ಸಂಜೆ ಕರಗಿಹೋಗುತ್ತದೆಂಬುದನ್ನೂ ಹೇಳಬೇಕು. ಅಂಥ ದಿನ ಮೆಟ್ರೊವೇ ಮೇಲು.

ಆ ತಿರುವು

ಕನಕಪುರ ದಾಟಿ ಸಂಗಮದ ಕಡೆಗೆ ಹೊರಳಿದ ಮೇಲೆ ರಸ್ತೆ ಸಣ್ಣದಾಗಿ, ಸುತ್ತಿ ಸುತ್ತಿ ಇಳಿಯುತ್ತದೆ. ಒಂದು ಊರಿನ ಮುಂದೆ ರೈತರು ಹುರುಳಿಯನ್ನು ಒಕ್ಕಲು ರಸ್ತೆಗೇ ಹಾಸಿದ್ದರು. ಸುಗ್ಗಿಯ ದಿನಗಳಲ್ಲಿ ಇದು ನಮ್ಮ ಕಡೆ ಮಾಮೂಲು. ನೋಡಲು ಚೆಂದ, ಎರಡು ಚಕ್ರಕ್ಕೆ ಮಾತ್ರ ಎಣ್ಣೆ ಸುರಿದ ನೆಲ. ಬ್ರೇಕ್ ಒತ್ತಿದರೆ ಜಾರುತ್ತದೆ, ವಾಲಿದರೂ ಜಾರುತ್ತದೆ. ಮಗ ಮುಂಚೆಯೇ ವೇಗ ಇಳಿಸಿ, ಗಾಡಿಯನ್ನು ನೆಟ್ಟಗೆ ಹಿಡಿದು, ಬ್ರೇಕಿನ ಗೋಜಿಗೆ ಹೋಗದೆ ದಾಟಿಸಿದ. ನಾನು ಹಿಂದೆ ಉಸಿರು ಹಿಡಿದು ಕೂತಿದ್ದೆ. ಹಿಂದೆ ಕೂತವನ ಕೈಯಲ್ಲಿ ಹ್ಯಾಂಡಲ್ಲೂ ಇಲ್ಲ, ಬ್ರೇಕೂ ಇಲ್ಲ. ಇರುವುದು ಮುಂದೆ ಕೂತವನ ಮೇಲಿನ ನಂಬಿಕೆ ಒಂದೇ. ಅದನ್ನು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ಇನ್ನೂ ಸ್ವಲ್ಪ ದೂರ ಹೋದ ಮೇಲೆ, ಕಾಡು ಶುರುವಾಗುವ ಕಡೆ, ನಿಲ್ಲಿಸು ಎಂದೆ.

‘ನಿನ್ನ ಚಿಕ್ಕಪ್ಪ ಕುಂಟುತ್ತಾನಲ್ಲ, ಯಾಕೆ ಗೊತ್ತಾ?’

‘ಗಾಡಿಯಿಂದ ಬಿದ್ದರಂತಲ್ಲ.’

‘ಇದೇ ಗಾಡಿ. ಇದೇ ತಿರುವು. 1994. ಓಡಿಸ್ತಿದ್ದವನು ನಾನು.’

ಮನೆಯಲ್ಲಿ ಎಲ್ಲರೂ ‘ಅವನು ಗಾಡಿಯಿಂದ ಬಿದ್ದ’ ಎನ್ನುತ್ತಿದ್ದರು. ಯಾರು ಬೀಳಿಸಿದ ಎಂದು ಯಾರೂ ಹೇಳುತ್ತಿರಲಿಲ್ಲ. ತಮ್ಮನಂತೂ ಒಮ್ಮೆಯೂ ಹೇಳಿದವನಲ್ಲ. ಆ ಸಂಜೆ ಕತ್ತಲಾಗುವುದರೊಳಗೆ ಊರು ಸೇರುವ ಅವಸರ. ‘ಅಣ್ಣಾ, ಸ್ವಲ್ಪ ನಿಧಾನ’ ಎಂದು ಅವನು ಎರಡು ಸಲ ಹೇಳಿದ. ನಾನು ನಕ್ಕು ಇನ್ನೂ ತಿರುವಿದೆ. ತಿರುವಿನಲ್ಲಿ ಜಲ್ಲಿಪುಡಿ ಕಂಡು ಹೆದರಿ ಮುಂದಿನ ಬ್ರೇಕ್ ಹಿಂಡಿದೆ. ವಾಲಿರುವ ಗಾಡಿಯಲ್ಲಿ ಮಾಡಬಾರದ ಕೆಲಸ ಅದೊಂದೇ. ನನಗೆ ಮೊಣಕೈ ತರಚಿತು. ಅವನ ಎಡತೊಡೆಯ ಮೂಳೆ ಮುರಿಯಿತು. ಹಳ್ಳಿಯವರು ಯಾವುದೋ ಟೆಂಪೋದಲ್ಲಿ ಮಲಗಿಸಿ ಕನಕಪುರಕ್ಕೆ ತಂದರು. ಇಬ್ಬರ ತಲೆಯಲ್ಲೂ ಹೆಲ್ಮೆಟ್ ಇರಲಿಲ್ಲ. ತಲೆ ಉಳಿದದ್ದು ದೇವರ ದಯೆ, ನಮ್ಮ ಜಾಣತನ ಅಲ್ಲ. ಮೂರು ತಿಂಗಳು ಹಾಸಿಗೆ ಹಿಡಿದ ತಮ್ಮ ಆ ವರ್ಷದ ಪರೀಕ್ಷೆಗೆ ಕೂರಲಿಲ್ಲ. ಗಾಡಿ ಮಾರುತ್ತೇನೆಂದಾಗ ಬೇಡ ಎಂದವನೂ ಅವನೇ. ‘ತಪ್ಪು ಗಾಡೀದಲ್ಲ ಅಣ್ಣಾ’ ಎಂದಿದ್ದ.

ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೆಳಗೆ ಬಗ್ಗಿ, ತಿರುವಿನ ಅಂಚಿನ ಮರಳನ್ನು ಬೂಟಿನಿಂದ ಉಜ್ಜಿ ನೋಡಿದ.

ಸಂಗಮದಲ್ಲಿ

ನಂದಿಬೆಟ್ಟದ ಕಡೆ ಹುಟ್ಟಿದ ಅರ್ಕಾವತಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು ತುಂಬಿಸಿ, ಒಂದು ಕಾಲದಲ್ಲಿ ಬೆಂಗಳೂರಿಗೆ ನೀರು ಕುಡಿಸಿ, ರಾಮನಗರ, ಕನಕಪುರ ಹಾದು ಇಲ್ಲಿ ಕಾವೇರಿಯನ್ನು ಕೂಡುತ್ತದೆ. ಹರಿಗೋಲಿನಲ್ಲಿ ದಾಟಿ ಆಚೆ ದಡದಿಂದ ನಾಲ್ಕು ಕಿಲೊಮೀಟರ್ ಹೋದರೆ ಮೇಕೆದಾಟು. ಬಂಡೆಗಳ ನಡುವೆ ನದಿ ಇಕ್ಕಟ್ಟಾಗಿ ಭೋರ್ಗರೆಯುವ ಜಾಗ. ನೋಡಲು ಹೋಗುವವರು ನೀರಿಗಿಳಿಯುವ ಹುಚ್ಚು ಬಿಡಬೇಕು. ಸುಳಿಗಳು ಈಜು ಬಲ್ಲವರನ್ನೂ ಬಿಟ್ಟಿಲ್ಲ. ಮಳೆಗಾಲದಲ್ಲಿ ಹರಿಗೋಲು ಇರುವುದಿಲ್ಲ. ವಿಚಾರಿಸಿಕೊಂಡೇ ಹೊರಡಿ.

ಆ ದಿನ ನಾವು ಮೇಕೆದಾಟಿಗೆ ಹೋಗಲಿಲ್ಲ. ನೀರಿನಲ್ಲಿ ಕಾಲು ಬಿಟ್ಟು, ಮನೆಯಿಂದ ತಂದ ಚಿತ್ರಾನ್ನ ತಿಂದೆವು. ನಾನು ಹೇಳಬೇಕಾದ ಇನ್ನೆರಡು ಮಾತು ಹೇಳಿದೆ. ಪಾಲಕರೂ ಇದನ್ನು ಗಮನವಿಟ್ಟು ಓದಬೇಕು.

ಹದಿನೆಂಟು ತುಂಬದವರಿಗೆ ಗೇರ್ ಇರುವ ಮೋಟಾರ್ ಸೈಕಲ್ ಓಡಿಸಲು ಲೈಸೆನ್ಸ್ ಇಲ್ಲ. ಹದಿನಾರು ತುಂಬಿದವರಿಗೆ 50 ಸಿ.ಸಿ. ಒಳಗಿನ ಗೇರಿಲ್ಲದ ಗಾಡಿಗಷ್ಟೇ ಅವಕಾಶ, ಅಂಥ ಗಾಡಿ ಸಿಗುವುದೇ ಈಗ ಅಪರೂಪ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ, ಎಳೆಯರು ಗಾಡಿ ಓಡಿಸಿ ಅಪರಾಧ ಮಾಡಿದರೆ ತಂದೆತಾಯಿ ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ಪಕ್ಕದ ರಸ್ತೆಗೆ ತಾನೇ’ ಎಂದು ಹತ್ತನೇ ತರಗತಿಯ ಮಗನ ಕೈಗೆ ಕೀಲಿ ಕೊಡುವವರು ಇದನ್ನು ಯೋಚಿಸಬೇಕು.

ಇನ್ನು ಹೆಲ್ಮೆಟ್. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,000 ದಾಟಿದ್ದಾರೆ. ಅದರಲ್ಲಿ 14,000ಕ್ಕೂ ಹೆಚ್ಚು ಜನ ಹಿಂದೆ ಕೂತವರು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯ. ಪೊಲೀಸರ ಕಣ್ಣು ತಪ್ಪಿಸಲು ರಸ್ತೆ ಬದಿಯಲ್ಲಿ ಕೊಳ್ಳುವ ಪ್ಲಾಸ್ಟಿಕ್ ಟೋಪಿ ಹೆಲ್ಮೆಟ್ ಅಲ್ಲ. ಐ.ಎಸ್.ಐ. ಗುರುತು ನೋಡಿ, ಗಲ್ಲದ ಪಟ್ಟಿ ಬಿಗಿಯಿರಿ. ಪಟ್ಟಿ ಕಟ್ಟದ ಹೆಲ್ಮೆಟ್ಟು ಬೀಳುವಾಗ ತಲೆಗಿಂತ ಮೊದಲು ಹಾರಿಹೋಗುತ್ತದೆ.

ಹಿಂದಿರುಗುವಾಗ ಆ ತಿರುವು ಬಂತು. ನಾನು ಏನೂ ಹೇಳಲಿಲ್ಲ. ತಿರುವಿಗೆ ಬಹಳ ಮೊದಲೇ ಗೇರು ಇಳಿಯಿತು, ಎಂಜಿನ್ನಿನ ಸದ್ದು ತಗ್ಗಿತು, ಗಾಡಿ ಹಗುರಾಗಿ ವಾಲಿ, ಎದ್ದು, ನೇರವಾಯಿತು. ಮೂವತ್ತು ವರ್ಷದಿಂದ ಎದೆಯಲ್ಲಿ ಸಿಕ್ಕಿಕೊಂಡದ್ದೇನೋ ಒಂದು ಸ್ವಲ್ಪ ಸಡಿಲವಾದಂತಾಯಿತು.

ಸಂಜೆ ಪದ್ಮನಾಭನಗರದಲ್ಲಿ ಗಾಡಿ ನಿಲ್ಲಿಸಿದ್ದು ಮಗನೇ, ನಾನು ಹೇಳಿದ್ದಲ್ಲ. ತಮ್ಮ ಕುಂಟುತ್ತಾ ಗೇಟಿಗೆ ಬಂದು, ಟ್ಯಾಂಕಿನ ಮೇಲೆ ಕೈಯಾಡಿಸಿ, ‘ಯಾರು ಓಡಿಸಿದ್ದು?’ ಎಂದ. ‘ನಾನು, ಚಿಕ್ಕಪ್ಪ.’ ‘ಅಪ್ಪನ್ನ ಹಿಂದೆ ಕೂರಿಸಿದ್ದೆಯಾ? ಒಳ್ಳೇದು ಮಾಡಿದೆ’ ಎಂದು ನಕ್ಕ.

ಈಗ ನಮ್ಮ ಮನೆಯ ಬಾಗಿಲ ಪಕ್ಕ ಒಂದು ಮೊಳೆ ಇದೆ. ಅದಕ್ಕೆ ಮೊದಲು ಗಾಡಿಯ ಕೀಲಿ, ಅದರ ಮೇಲೆ ಹೆಲ್ಮೆಟ್ಟು. ಹೆಲ್ಮೆಟ್ ತೆಗೆಯದೆ ಕೀಲಿ ಸಿಗುವುದಿಲ್ಲ. ಈ ಏರ್ಪಾಡು ಮಾಡಿದವಳು ಅಡುಗೆಮನೆಯಿಂದ ‘ಬೇಡಾರೀ’ ಎಂದವಳೇ. ಬೆಳಿಗ್ಗೆ ಏಳೂವರೆಗೆ ಬೆಟ್ಟದ ಏರಿನ ಸದ್ದಿನ ಜೊತೆ ಒಂದು ಹಳೆಯ ಡುಗುಡುಗು ಎದುರುದಿಕ್ಕಿಗೆ ಇಳಿದುಹೋಗುತ್ತದೆ. ಅವಳು ಕಿಟಕಿಯಲ್ಲಿ ನಿಂತು ಅದು ಕೇಳಿಸದಾಗುವವರೆಗೆ ಕೇಳುತ್ತಾಳೆ. ನಾನು ಪತ್ರಿಕೆ ಓದುವವನಂತೆ ಕೂತಿರುತ್ತೇನೆ.